ಗಾದಿ ಬಂದೇಸಾಬ ಊರು ಬಿಟ್ಟದ್ದು

ಶಿಗ್ಗಾಂವದ ಹಳೇ ಬಸ್ ನಿಲ್ದಾಣದ ರಸ್ತೆಯಲ್ಲಿ ನನ್ನ ಮೆಕ್ಕೆಜೋಳದ ಅಂಗಡಿ. ಎದುರಿಗೇ ಬಂದೇಸಾಬನ ಗಾದಿ ಅಂಗಡಿ. ಇಪ್ಪತ್ತೆಂಟು ವರ್ಷ ನಾವಿಬ್ಬರೂ ಎದುರುಬದುರು ಕೂತು ಜಗಳಾಡಿದ್ದೇವೆ. ಅವನು ನಿಮ್ಮ ಗೆಳೆಯನಲ್ಲವೇ ಎಂದು ಯಾರಾದರೂ ಕೇಳಿದರೆ, ಯಾವ ಗೆಳೆಯ, ಹತ್ತಿಯ ಧೂಳು ಹಾರಿಸಿ ನನ್ನ ಕಾಳಿಗೆಲ್ಲ ಮೀಸೆ ಬರಿಸಿದವನು ಎಂದೇ ನಾನು ಹೇಳುವುದು. ಅಂಥವನು ಈ ವರ್ಷ ಊರು ಬಿಟ್ಟು ಸಮುದ್ರದ ದಂಡೆಯಲ್ಲಿ ಹೋಗಿ ಕೂತಿದ್ದಾನೆ. ಸಿಟ್ಟು ಬರುವುದಿಲ್ಲವೇ, ನೀವೇ ಹೇಳಿ? ಆ ಸಿಟ್ಟಿಗೇ ಇದನ್ನು ಬರೆಯಲು ಕೂತಿದ್ದೇನೆ.

ಬಂದೇಸಾಬ ಸವಣೂರಿನವನು, ಹತ್ತಿ ಹಿಂಜುವ ಮನೆತನ. ಮದುವೆಯಾದ ಹೊಸದರಲ್ಲಿ ಹೆಂಡತಿ ನಸೀರಾಳನ್ನೂ ಅಪ್ಪನ ಕಾಲದ ಹಿಂಜುವ ಬಿಲ್ಲನ್ನೂ ಕರೆದುಕೊಂಡು ನಮ್ಮ ಊರಿಗೆ ಬಂದ. ಮುಂದೆ ಬಿಲ್ಲು ಅಟ್ಟ ಸೇರಿತು, ಮಷೀನು ಬಂತು. ಮಷೀನು ಹಳತಾಗುವಷ್ಟರಲ್ಲಿ ರಸ್ತೆಯ ತುಂಬ ಫೋಮ್ ಗಾದಿಯ ಅಂಗಡಿಗಳು ಎದ್ದವು. ಇವನು ಹತ್ತಿ ಬಿಡಲಿಲ್ಲ. "ಫೋಮಿನ ಮ್ಯಾಲ ಮಲಗೂದಂದ್ರ ಇಡ್ಲಿ ಮ್ಯಾಲ ಮಲಗಿದಂಗ ಆಕ್ಕೈತ್ರಿ" ಎಂದು ಹೋಗಿಬರುವವರಿಗೆಲ್ಲ ಹೇಳುತ್ತಿದ್ದ. ಜನ ನಗುತ್ತಲೇ ಅವನ ಅಂಗಡಿ ಹತ್ತುತ್ತಿದ್ದರು.

ಆ ಅಂಗಡಿಗೆ ಒಂದು ಕಾಯಿದೆ ಇತ್ತು. ಹತ್ತಿಯನ್ನು ಬಟ್ಟೆಯ ಖೋಳದೊಳಗೆ ತುಂಬಿದ ಮೇಲೆ, ಬಾಯಿ ಹೊಲಿಯುವ ಮೊದಲು, ಗಾದಿಯ ಯಜಮಾನ ಖುದ್ದಾಗಿ ಬಂದು ಅದರ ಮೇಲೆ ಮಲಗಬೇಕು. ಎಲ್ಲಿ ಹತ್ತಿ ಹೆಚ್ಚು ಬೇಕು, ಎಲ್ಲಿ ಕಡಿಮೆ ಬೇಕು ಎಂದು ಬಂದೇಸಾಬ ಮೊಣಕಾಲೂರಿ ಕೂತು ನೋಡುತ್ತಿದ್ದ. ಅಂಗಡಿಯೊಳಗೆ ಜಾಗ ಎಲ್ಲಿಂದ ಬರಬೇಕು? ಹೀಗಾಗಿ ಮಲಗುವುದು ರಸ್ತೆಯ ಅಂಚಿನಲ್ಲಿ, ಗೋಣಿತಟ್ಟಿನ ಮೇಲೆ, ಹಗಲು ಹನ್ನೊಂದಕ್ಕೆ, ಹಾವೇರಿ ಬಸ್ಸಿನ ಕಿಟಕಿಗಳೆಲ್ಲ ನೋಡುತ್ತಿರುವಾಗ. ಒಮ್ಮೆ ಒಬ್ಬ ದೊಡ್ಡ ಅಧಿಕಾರಿ ಜೀಪಿನಿಂದ ಇಳಿದು ಬೂಟು ಸಮೇತ ಮಲಗಿದ. "ಬೂಟ ತಗೀರಿ ಸಾಹೇಬ್ರ, ಮನ್ಯಾಗ ಬೂಟ ಹಾಕ್ಕೊಂಡ ಮಲಗ್ತೀರೇನು?" ಎಂದು ಬಂದೇಸಾಬ ಗದರಿದ. ಸಾಹೇಬರು ತೆಗೆದರು. ಕಾಲುಚೀಲದಲ್ಲಿ ಎರಡೂ ಹೆಬ್ಬೆರಳು ಹೊರಗೆ ಬಂದಿದ್ದವು.

ನನ್ನ ಸರದಿ ಬಂದಾಗ ನಾನು ಒಲ್ಲೆ ಎಂದೆ. ದಲಾಲಿ ಮಾಡುವ ಮನುಷ್ಯ, ಹಮಾಲರ ಎದುರಿಗೆ ರಸ್ತೆಯಲ್ಲಿ ಅಂಗಾತ ಬಿದ್ದರೆ ನನ್ನ ಮಾತು ನಾಳೆ ಯಾರು ಕೇಳುತ್ತಾರೆ? "ಹಂಗಾದ್ರ ಗಾದಿ ಇಲ್ಲ" ಎಂದ. ಮೂರು ವಾರ ಹಟ ಹಿಡಿದೆ. ಕೊನೆಗೆ ನನ್ನ ಹೆಂಡತಿ ದಾನವ್ವ ಚಾಪೆಯ ಮೇಲೆ ಮಲಗಿ ಸೊಂಟ ಹಿಡಿಸಿಕೊಂಡು, "ಹೋಗಿ ಬೀಳ್ತೀಯೋ, ನಾ ತವರಮನಿಗೆ ಹೋಗಲೋ?" ಎಂದ ಮೇಲೆ ಹೋಗಿ ಬಿದ್ದೆ. ಹಮಾಲರು ಚೀಲ ಕೆಳಗಿಟ್ಟು ನಕ್ಕರು. ನಮ್ಮ ಜಗಳದ ಸ್ನೇಹ ಶುರುವಾದದ್ದು ಅಲ್ಲಿಂದ.

ಹಳೇ ಗಾದಿ ಮತ್ತೆ ಹಿಂಜಲು ಬಂದರೆ ಅವನದು ಇನ್ನೊಂದೇ ಆಟ. ಖೋಳ ಬಿಚ್ಚುವ ಮೊದಲು ಗಾದಿಯನ್ನು ಹಾಸಿ, ಅಂಗೈಯಿಂದ ಸವರಿ, ತಗ್ಗು ದಿನ್ನೆ ನೋಡುವನು. ಯಾರು ಯಾವ ಮಗ್ಗುಲಿಗೆ ಮಲಗುತ್ತಾರೆ, ಯಾರಿಗೆ ಬೆನ್ನು ನೋವು, ಯಾವ ಮನೆಯಲ್ಲಿ ಮಾತುಕತೆ ಬಂದ್ ಆಗಿದೆ, ಎಲ್ಲ ಅವನಿಗೆ ತಿಳಿಯುತ್ತಿತ್ತು. ಒಂದು ಸಲ ಒಬ್ಬ ಮಾಸ್ತರರ ಗಾದಿ ಬಂತು. ಎರಡು ಅಂಚಿಗೆ ಎರಡು ತಗ್ಗು, ನಡುವೆ ಹೊಲದ ಬದುವಿನಷ್ಟು ಎತ್ತರ. ಬಂದೇಸಾಬ ಯಾರಿಗೂ ಒಂದು ಮಾತು ಹೇಳಲಿಲ್ಲ. ಹಿಂಜಿದ ಹತ್ತಿಯನ್ನು ಅಂಚಿಗೆ ಹೆಚ್ಚು ತುಂಬಿ, ನಡುವೆ ಕಡಿಮೆ ಮಾಡಿ ಹೊಲಿದು ಕಳಿಸಿದ. ಗಂಡ ಹೆಂಡತಿ ಎತ್ತ ಮಲಗಿದರೂ ಉರುಳಿ ನಡುವೆ ಬಂದು ಸೇರಲೇಬೇಕು. ಮರುವರ್ಷ ಆ ಮನೆಯಲ್ಲಿ ಪೂಜಾ ಎಂಬ ಮಗಳು ಹುಟ್ಟಿದಳು. ಈಗ ಅವಳು ಕಾಲೇಜು ಓದುತ್ತಾಳೆ. ಈ ಸಂಗತಿ ನನಗೂ ಅವನಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಈಗ ನಿಮಗೆ ಗೊತ್ತಾಯಿತು, ಇರಲಿ.

ನಸೀರಾ ಇವನಿಗೆ ಪೂರ್ತಿ ಉಲ್ಟಾ. ಮಾತು ಕಡಿಮೆ. ಮಷೀನಿನ ಬಾಯಿಗೆ ಹತ್ತಿ ಉಣಿಸುವ ಕೆಲಸ ಅವಳದು, ಮುಖಕ್ಕೆ ಸೆರಗು ಸುತ್ತಿಕೊಂಡು ದಿನವಿಡೀ ಆ ಬಿಳಿ ಮೋಡದೊಳಗೆ ನಿಂತಿರುತ್ತಿದ್ದಳು. ವಾಸದ ಮನೆಯೂ ಅಂಗಡಿಯ ಹಿಂದೆಯೇ, ಹೀಗಾಗಿ ರೊಟ್ಟಿಯ ಮೇಲೂ ಹತ್ತಿ, ಚಹಾದ ಮೇಲೂ ಹತ್ತಿ. ಅವಳು ಮಾತಾಡಲು ಬಾಯಿ ತೆರೆದರೆ ಮಾತಿಗಿಂತ ಮೊದಲು ಕೆಮ್ಮು ಬರುತ್ತಿತ್ತು. ಹೋದ ವರ್ಷ ಹುಬ್ಬಳ್ಳಿಯ ಡಾಕ್ಟರೊಬ್ಬರು ಎದೆಯ ಚಿತ್ರ ತೆಗೆಸಿ, "ಧೂಳು ಒಳಗೆ ಕೂತುಬಿಟ್ಟಿದೆ. ಇನ್ನು ಈ ಧೂಳಿನಲ್ಲಿ ಇಟ್ಟರೆ ನನ್ನನ್ನು ಕೇಳಬೇಡಿ" ಎಂದು ಖಡಾಖಂಡಿತ ಹೇಳಿದರು. ಬಂದೇಸಾಬ ಬಸ್ಸಿನಿಂದ ಇಳಿದವನೇ ನನ್ನ ಅಂಗಡಿಗೆ ಬಂದು ಕೂತು, "ಅದ ಧೂಳಾ ನಾನೂ ಕುಡದೇನಿ, ನನಗೇನಾಗೇತಿ? ಡಾಕ್ಟರಿಗೆ ತಿಳಿಯಂಗಿಲ್ಲ" ಎಂದ. ನಾನೂ ಹೌದು ಹೌದು ಎಂದೆ. ಇದು ನನ್ನ ಮೊದಲ ತಪ್ಪು.

ಅವರ ಒಬ್ಬಳೇ ಮಗಳು ಶಬನಮ. ಅವಳನ್ನು ಕುಮಟೆಯ ಆಚೆ, ನದಿ ಸಮುದ್ರ ಸೇರುವಲ್ಲಿರುವ ಅಳಿವೆಕೇರಿ ಎಂಬ ಸಣ್ಣ ಹಳ್ಳಿಗೆ ಕೊಟ್ಟಿದ್ದಾರೆ. ಅಳಿಯ ವಸೀಮ ದೋಣಿಯ ಇಂಜಿನ್ ರಿಪೇರಿ ಮಾಡುತ್ತಾನೆ. ವಸೀಮನ ದೊಡ್ಡಪ್ಪ ಖಾದರಸಾಬನ ಹಿತ್ತಲಲ್ಲಿ ಎರಡು ಕೋಣೆಯ ಮನೆ ಖಾಲಿ ಇತ್ತು. "ಅಪ್ಪಾ, ಅವ್ವನ್ನ ಕರ್ಕೊಂಡ ಇಲ್ಲೇ ಬಂದುಬಿಡ್ರಿ, ಇಲ್ಲಿ ಹವಾ ಛಲೋ ಐತಿ" ಎಂದು ಶಬನಮ ಫೋನಿನಲ್ಲಿ ಅತ್ತಳು. ಖಾದರಸಾಬ ಒಂದೇ ಶರತ್ತು ಹಾಕಿದ: ದಸರಾದೊಳಗೆ ಹೌದೋ ಅಲ್ಲವೋ ಹೇಳಬೇಕು, ಇಲ್ಲದಿದ್ದರೆ ರಜೆಗೆ ಬರುವ ಪ್ರವಾಸಿಗರಿಗೆ ಆ ಮನೆ ಹೋಗುತ್ತದೆ.

ಬಂದೇಸಾಬನಿಗೆ ಅತ್ತ ದರಿ ಇತ್ತ ಪುಲಿ. ಅಳಿವೆಕೇರಿಗೆ ಹೋದರೆ ಕೈಯ ಕಸುಬು ಹೋಯಿತು, ಇಲ್ಲೇ ಇದ್ದರೆ ಹೆಂಡತಿಯ ಎದೆ ಕೆಡುತ್ತದೆ. ನಾನು ನ್ಯಾಯ ಹೇಳಲು ಕೂತೆ. ಹೇಳುವವನಿಗೆ ಖರ್ಚೇನು? "ಲೇ, ಇಲ್ಲಿ ಹೈವೇ ಐತಿ, ಮಂದಿ ಐತಿ, ಸಂತಿ ಐತಿ. ಅಲ್ಲಿ ಏನೈತಿ? ಉಪ್ಪು ನೀರು. ಅದನ್ನ ಎಷ್ಟ ದಿನಾ ನೋಡ್ತಿ?" ಎಂದೆ. ನಿಜ ಹೇಳಬೇಕೆಂದರೆ ಅವನು ಹೋದರೆ ನಾನು ಯಾರ ಸಂಗಡ ಜಗಳಾಡಲಿ ಎಂಬುದೇ ನನ್ನ ಚಿಂತೆಯಾಗಿತ್ತು.

ಕೊನೆಗೆ ಒಂದು ತಿಂಗಳು ಇದ್ದು ನೋಡಿ ಬರುವುದು ಎಂದಾಯಿತು. ಆಷಾಢದಲ್ಲಿ ಹೇಗೂ ಗಾದಿ ಹೊಲಿಸುವವರಿಲ್ಲ. ಸುಮ್ಮನೆ ಕೂತರೆ ಈ ಮನುಷ್ಯನ ಕೈಗೆ ತುರಿಕೆ ಏಳುತ್ತದೆ, ಹೀಗಾಗಿ ಅಟ್ಟದ ಬಿಲ್ಲನ್ನು ಇಳಿಸಿಕೊಂಡ. ಬೀಗರಿಗೆ ಎಂದು ಒಂದು ಚೀಲ ಸವಣೂರಿನ ಖಾರ ಎಂಬ ಕುರುಕಲು ತಿಂಡಿ, ಜೊತೆಗೆ ಎರಡು ಗಂಟು ಹತ್ತಿ. ಹತ್ತಿ ಚಿಕ್ಕೇರೂರಿನ ರೈತನೊಬ್ಬನ ಮನೆಯದು, ಕೈಯಿಂದ ಬೀಜ ಬಿಡಿಸಿದ್ದು. ಅಂಥ ಹತ್ತಿ ಮೆತ್ತಗಿರುತ್ತದೆ, ಆದರೆ ಅಲ್ಲೊಂದು ಇಲ್ಲೊಂದು ಬೀಜ ಉಳಿದಿರುತ್ತದೆ. ನಮ್ಮ ಕಡೆಯ ಒಣ ಹವೆಯಲ್ಲಿ ಅದರಿಂದ ಯಾರಿಗೂ ತೊಂದರೆ ಆದದ್ದು ನಾನಂತೂ ಕೇಳಿಲ್ಲ. ಗಂಡ ಹೆಂಡತಿ ಹಾನಗಲ್ ಮೇಲೆ ಶಿರಸಿಗೆ ಹೋಗಿ, ಘಟ್ಟ ಇಳಿದು, ಹತ್ತಿಯ ಜೊತೆ ತಾವೂ ತೊಯ್ದು ಅಳಿವೆಕೇರಿ ಮುಟ್ಟಿದರು.

ಎರಡನೆಯ ದಿನವೇ ಫೋನು ಬಂತು.

"ಕರಬಸಣ್ಣ, ಇಲ್ಲೆ ಏನೂ ಇಲ್ಲೋ."

"ಏನೂ ಇಲ್ಲ ಅಂದ್ರ?"

"ಹಾರ್ನ್ ಇಲ್ಲ, ಒದರಾಟ ಇಲ್ಲ. ದಿನಕ್ಕ ಎರಡ ಬಸ್ಸು. ಅದರಾಗ ಒಂದು ಬರೂದಿಲ್ಲ. ಒಂದ ಅಂಗಡಿ ಐತಿ, ಮಧ್ಯಾಹ್ನ ಅದನ್ನೂ ಮುಚ್ಚಿ ಮಲಗ್ತಾರ. ನಿನ್ನೆ ನಾ ಜೋರಾಗಿ ಸೀನಿದ್ದಕ್ಕ ಆಚಿಮನ್ಯಾವರು ಏನಾತು ಅಂತ ಕೇಳಾಕ ಬಂದ್ರು."

ನಾನು ಅಂಗಡಿಯ ಗಲ್ಲೆಯ ಮೇಲೆ ಕೂತು ಹೊಟ್ಟೆ ತುಂಬ ನಕ್ಕೆ. ಖಾರದ ಸುದ್ದಿ ಕೇಳಿದೆ. ಖಾದರಸಾಬ ಒಂದು ಮುಕ್ಕು ತಿಂದು ಕಣ್ಣಲ್ಲಿ ನೀರು ಹಾಕಿಕೊಂಡು ಬಾವಿಯ ಕಡೆಗೆ ನಡೆದನಂತೆ. ಮುದುಕನಿಗೆ ಆದ ತೊಂದರೆಗೆ ಪರಿಹಾರವೆಂದು ಬಂದೇಸಾಬ ಅವನಿಗೊಂದು ಗಾದಿ ಮಾಡಿಕೊಡಲು ಹೊರಟ. ಅಲ್ಲಿಯವರು ಚಾಪೆಯ ಮೇಲೋ ನಾರಿನ ಹಾಸಿಗೆಯ ಮೇಲೋ ಮಲಗುವವರು. ಅದು ಏಕೆ ಹಾಗೆ ಎಂದು ಇವನು ಒಬ್ಬರನ್ನಾದರೂ ಕೇಳಬಾರದಿತ್ತೇ? ಹೂಂ, ಕೇಳಿದರೆ ಬಂದೇಸಾಬ ಹೇಗಾದಾನು! ಹಿಂಜಿ, ತುಂಬಿ, ಕಾಯಿದೆಯ ಪ್ರಕಾರ ಖಾದರಸಾಬನನ್ನು ಅಂಗಳದಲ್ಲಿ ಮಲಗಿಸಿ, ಹೊಲಿದು ಕೊಟ್ಟ. ಮುದುಕನಿಗೆ ಖುಷಿಯೋ ಖುಷಿ. ಮರುದಿನ ಹಿಡಿದ ಮಳೆ ಒಂಬತ್ತು ದಿನ ಬಿಡಲಿಲ್ಲ. ಅಲ್ಲಿಯ ಮಳೆಗಾಲದಲ್ಲಿ ಉಪ್ಪು ಡಬ್ಬಿಯೊಳಗೇ ನೀರಾಗುತ್ತದಂತೆ. ಗಾದಿ ಎಲ್ಲ ತೇವವನ್ನೂ ಕುಡಿದು ಎಮ್ಮೆಯ ತೂಕಕ್ಕೆ ಬಂತು.

ಹತ್ತನೆಯ ದಿನ ಬೆಳಿಗ್ಗೆ ಖಾದರಸಾಬ ಎದ್ದು ನೋಡಿದರೆ ಹೊಲಿಗೆಯ ಸಂದಿಯಿಂದ ಹಸಿರು ಇಣುಕುತ್ತಿತ್ತು. ಒಂದಲ್ಲ, ಏಳು. ಚಿಕ್ಕೇರೂರಿನ ಬೀಜಗಳು ತೇವವನ್ನೂ ಮುದುಕನ ಮೈಯ ಬಿಸಿಯನ್ನೂ ಕುಡಿದು ಮೊಳೆತು ಎರಡೆರಡು ಎಲೆ ಬಿಟ್ಟಿದ್ದವು. ಖಾದರಸಾಬ ಬಂದೇಸಾಬನನ್ನು ಕರೆದು ಬಹಳ ಮರ್ಯಾದೆಯಿಂದ ಕೇಳಿದ, "ಇದು ಎಂತ ಮಾರಾಯ್ರೆ? ಇದ್ರ ಮೇಲೆ ಮಲಗೋದಾ, ಗೊಬ್ಬರ ಹಾಕೋದಾ?"

ಅಳಿವೆಕೇರಿಗೆ ಅಳಿವೆಕೇರಿಯೇ ನೋಡಲು ಬಂತಂತೆ. ಮೀನಿನ ಬುಟ್ಟಿ ಹೊತ್ತವರು ಬುಟ್ಟಿ ಇಳಿಸಿ ನೋಡಿದರು. ಯಾರೋ ಒಬ್ಬರು ಕಳೆ ಕೀಳುವುದು ಯಾವಾಗ ಎಂದು ಕೇಳಿದರು. ಬಂದೇಸಾಬ ಇದನ್ನೆಲ್ಲ ಫೋನಿನಲ್ಲಿ ಹೇಳಿ ಗೋಳಾಡಿದ. "ಮಂದಿ ನಕ್ಕದ್ದು ಹೋಗ್ಲಿ ಬಿಡೋ, ನಮ್ಮ ನಸೀರಾ! ಹೊಟ್ಟಿ ಹಿಡ್ಕೊಂಡ ನಕ್ಕಳು. ಕಟ್ಟಿ ಮ್ಯಾಲ ಕುಂತು ತಾಸಗಟ್ಟಲೆ ನಕ್ಕಳು. ಲಗ್ನ ಆದಾಗಿಂದ ಅಕಿ ಹಂಗ ನಕ್ಕಿದ್ದ ನೋಡಿಲ್ಲ ನಾ. ನನ್ನ ಮಾನ ಹೋಗಾಕತ್ತಿತ್ತು, ಅಕಿಗೆ ನಗಿ!"

ನಾನು ಮನೆಗೆ ಬಂದು ದಾನವ್ವನ ಎದುರಿಗೆ ಈ ಕತೆ ಹೇಳಿದೆ. ಅವಳೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು, "ನಸೀರಾ ಅಷ್ಟೊತ್ತು ನಕ್ಕಳಲ್ಲ, ಕೆಮ್ಮಲಿಲ್ಲೇನು?"

ಈ ಪ್ರಶ್ನೆ ಬಂದೇಸಾಬನ ತಲೆಗೂ ಹೊಳೆದಿರಲಿಲ್ಲ, ನನ್ನ ತಲೆಗೂ ಹೊಳೆದಿರಲಿಲ್ಲ. ಗಂಡಸರ ಹಣೆಬರಹ ಇಷ್ಟೇ.

ಬಂದೇಸಾಬ ಮಾನ ಹೋಯಿತೆಂದು ತಿಂಗಳು ತುಂಬುವ ಮೊದಲೇ ಗಂಟು ಕಟ್ಟಿದ. ನಸೀರಾ ಏಳಲಿಲ್ಲ. "ನೀವು ಹೋಗ್ರಿ. ನಾ ಇಲ್ಲೇ ಇರ್ತೇನಿ" ಎಂದಳು. ಅವನು ಕೂಗಾಡಿದ. ಅವಳು ಮತ್ತೆ ಅದನ್ನೇ ಅಂದಳು. ಮೂರನೆಯ ಸಲ ಕೇಳುವ ಧೈರ್ಯ ಅವನಿಗಾಗಲಿಲ್ಲ. ಬಿಲ್ಲು ಹೆಗಲಿಗೇರಿಸಿಕೊಂಡು ಒಬ್ಬನೇ ಶಿಗ್ಗಾಂವಕ್ಕೆ ಬಂದಿಳಿದ.

ನನಗಾದ ಸಂತೋಷ ಹೇಳಬಾರದು. ಎರಡು ಚಹಾ ತರಿಸಿದೆ. "ಎಂಟು ದಿನಾ ತಡಿ, ತಾನ ಬರ್ತಾಳ. ಹೆಣ್ಣಮಕ್ಕಳು ಎಷ್ಟ ದಿನಾ ಮಗಳ ಮನ್ಯಾಗ ಇರ್ತಾರ?" ಎಂದು ಧೈರ್ಯ ತುಂಬಿದೆ. ಇದು ನನ್ನ ಎರಡನೆಯ ತಪ್ಪು. ಎಂಟು ಹೋಗಿ ಇಪ್ಪತ್ತಾಯಿತು, ಶ್ರಾವಣ ಮುಗಿಯಿತು, ಗಣಪತಿ ಕೂತು ಎದ್ದ. ನಸೀರಾ ಬರಲಿಲ್ಲ. ಬಂದೇಸಾಬ ಒಂದು ದಿನ ಅನ್ನ ಸುಟ್ಟ, ಇನ್ನೊಂದು ದಿನ ಪಾತೇಲಿಯನ್ನೇ ಸುಟ್ಟ. ದಾನವ್ವ ರೊಟ್ಟಿ ಪಲ್ಯ ಕಳಿಸುತ್ತಿದ್ದಳು, ಜೊತೆಗೆ ಬೈಗುಳವನ್ನೂ ನನ್ನ ಕೈಯಲ್ಲೇ ಕಳಿಸುತ್ತಿದ್ದಳು. ನಾನು ರೊಟ್ಟಿಯಷ್ಟನ್ನೇ ಮುಟ್ಟಿಸುತ್ತಿದ್ದೆ. ದಸರಾಕ್ಕೆ ಹನ್ನೆರಡು ದಿನ ಉಳಿದಾಗ ವಸೀಮನ ಫೋನು ಬಂತು. ದೊಡ್ಡಪ್ಪನಿಗೆ ಏನು ಹೇಳಲಿ ಎಂದು ಕೇಳಿದ. ಬಂದೇಸಾಬ, "ಇಲ್ಲ ಅಂತ ಹೇಳಾಕ ಇನ್ನ ನಾಕ ದಿನಾ ಟೈಮ್ ಕೊಡು" ಎಂದ.

ಆ ನಾಲ್ಕು ದಿನದಲ್ಲೇ ಒಂದು ದಿನ, ಬೆಳಿಗ್ಗೆ ಹತ್ತರ ಸುಮಾರಿಗೆ, ಕೈಯಲ್ಲಿ ಕೆಲಸವಿಲ್ಲದೆ ಅವನು ತನ್ನ ಮನೆಯ ಗಾದಿಯನ್ನೇ ಹಿಂಜಲು ಹೊರಗೆ ತಂದ. ಕುಂಬಾರನ ಮನೆಯಲ್ಲಿ ಒಡಕು ಗಡಿಗೆ ಎಂಬಂತೆ ಆ ಗಾದಿಗೆ ಎಂಟು ವರ್ಷದಿಂದ ಯಾರೂ ಕೈ ಹಚ್ಚಿರಲಿಲ್ಲ. ರಸ್ತೆಯ ಅಂಚಿಗೆ ಹಾಸಿದ. ರೂಢಿಯಂತೆ ಅಂಗೈಯಿಂದ ಸವರತೊಡಗಿದ. ನಾನು ಒಬ್ಬ ರೈತನ ಸಂಗಡ ಮೆಕ್ಕೆಜೋಳದ ತೇವದ ಬಗ್ಗೆ ಒದರಾಡುತ್ತಿದ್ದೆ. ಎಷ್ಟು ಹೊತ್ತಾದರೂ ಮಷೀನಿನ ಸಪ್ಪಳ ಕೇಳಲಿಲ್ಲ. ತಿರುಗಿ ನೋಡಿದರೆ ಬಂದೇಸಾಬ ಗಾದಿಯ ಪಕ್ಕದಲ್ಲಿ ಮೊಣಕಾಲೂರಿ ಕೂತಿದ್ದಾನೆ, ಅಂಗೈ ಅಲ್ಲೇ ಇದೆ.

ಹೋಗಿ ನೋಡಿದೆ. ಒಂದು ಬದಿಗೆ ತಲೆಯಿಂದ ಕಾಲಿನವರೆಗೆ ಉದ್ದಕ್ಕೆ ದೋಣಿಯಂಥ ತಗ್ಗು. ಅದು ಇವನದು. ಇನ್ನೊಂದು ಬದಿ ಹೊಲಿದ ದಿನದ ಹಾಗೆ ಉಬ್ಬಿಕೊಂಡೇ ಇತ್ತು. ತಲೆಯ ಕಡೆ ಮಾತ್ರ, ಗೋಡೆಗೆ ತಾಗುವಲ್ಲಿ, ಒಂದು ಬುಟ್ಟಿಯಷ್ಟು ಅಗಲದ ಆಳವಾದ ಕುಣಿ.

"ಏನೋ ಇದು? ಕೊಡಾ ಇಡ್ತಿದ್ರೇನು ಇಲ್ಲೆ?" ಎಂದೆ.

"ಕುಂತಾಳ" ಎಂದ.

"ಯಾರು?"

"ನಸೀರಾ. ಮಲಗಿದ್ರ ಅಕಿಗೆ ಉಸಿರಾಡಾಕ ಆಗಿಲ್ಲ. ಗ್ವಾಡಿಗೆ ಬೆನ್ನ ಕೊಟ್ಟ ಕುಂತಾಳ. ಎಂಟ ವರ್ಷ. ನಾ ಬಾಜೂಕ ಗೊರಕಿ ಹೊಡದೇನಿ."

ಊರವರ ಗಾದಿಯನ್ನೆಲ್ಲ ಓದಿದ ಮನುಷ್ಯ ಅವನು. ಇಬ್ಬರೂ ಅಲ್ಲೇ ರಸ್ತೆಯ ಅಂಚಿನಲ್ಲಿ ಕೂತೆವು. ಒಂದು ಬಸ್ಸು ಹಾರ್ನ್ ಹೊಡೆದು ಹೊಡೆದು ಕೊನೆಗೆ ಸುತ್ತು ಹಾಕಿಕೊಂಡು ಹೋಯಿತು.

ಬಸ್ಸು ಹೋದ ಮೇಲೆ ಬಂದೇಸಾಬ, "ಇಷ್ಟ ವರ್ಷ ಅಕಿ ಕುಂತಾಳ, ನಾ ಮಲಗೇನಿ. ಇನ್ನ ಅಕಿ ಮಲಗ್ಲಿ, ನಾ ಕುಂಡ್ರತೇನಿ" ಎಂದ. ಎದ್ದು ಫೋನು ತೆಗೆದು ವಸೀಮನಿಗೆ ಹೌದು ಎಂದು ಹೇಳಿದ.

ಮೂರೇ ದಿನದಲ್ಲಿ ಎಲ್ಲ ಮುಗಿಯಿತು. ಮಷೀನನ್ನು ಸವಣೂರಿನಲ್ಲಿದ್ದ ಅವನ ತಮ್ಮ ಹಯಾತ ಬಂದು ಟ್ರಾಕ್ಟರಿನಲ್ಲಿ ಹಾಕಿಕೊಂಡು ಹೋದ. ಹೋಗುವ ದಿನ ಬಸ್ ನಿಲ್ದಾಣದಲ್ಲಿ ನಾನು ಕೊನೆಯ ಜಗಳ ತೆಗೆದೆ. "ಹೋಗು, ಹೋಗು. ಮೀನಾ ತಿನ್ನು, ಮಳ್ಯಾಗ ತೊಯ್ಸಿಕೊ. ಅಲ್ಲಿ ನಿನ್ನ ಕೈಯಾಗ ಗಾದಿ ಮಾಡಿಸ್ಕೊಳ್ಳಾಕ ಯಾವ ಹುಚ್ಚ ಬರ್ತಾನ ನೋಡೂಣು!" ಎಂದೆ. "ಯಾರೂ ಬರೂದಿಲ್ಲ" ಎಂದ ಅವನು, ತಣ್ಣಗೆ. ಜಗಳಕ್ಕೆ ಜಗಳ ಕೊಡದಿದ್ದರೆ ಮನುಷ್ಯನೇನು ಮಾಡಬೇಕು? ಬಸ್ಸು ಹಾನಗಲ್ ರಸ್ತೆಗೆ ತಿರುಗಿದ ಮೇಲೆ ನನಗೆ ಅಳು ಬಂತು. ಸುಳ್ಳು ಯಾಕೆ ಹೇಳಲಿ. ಧೋತರದ ಅಂಚಿನಿಂದ ಕಣ್ಣು ಒರೆಸಿಕೊಂಡು, ಕಸ ಬಿತ್ತು ಎಂದು ಪಕ್ಕದವನಿಗೆ ಹೇಳಿದೆ.

ಆಮೇಲೆ ಒಂದು ತಿಂಗಳು ನಾನು ಫೋನು ಮಾಡಲಿಲ್ಲ. ಮೊದಲು ಅವನೇ ಮಾಡಲಿ ಎಂದು ಕಾದೆ. ಮಾಡಲಿಲ್ಲ, ಕತ್ತೆ ಮಗ. ಮೆಕ್ಕೆಜೋಳದ ಸುಗ್ಗಿ ಜೋರಾಗಿತ್ತು, ಅಂಗಡಿಯ ಮುಂದೆ ಮೂರು ಲಾರಿ ನಿಂತಿದ್ದವು, ಎದುರಿನ ಮುಚ್ಚಿದ ಬಾಗಿಲು ನೋಡಿ ನೋಡಿ ನನ್ನ ತಲೆ ಕೆಟ್ಟಿತ್ತು. ಒಂದು ದಿನ ಮಧ್ಯಾಹ್ನ ಎರಡಕ್ಕೆ ತಡೆಯಲಾರದೆ ನಂಬರು ಒತ್ತಿದೆ.

"ಏನಲೇ, ಬದುಕೀ ಏನು ಸತ್ತೀ? ಉಪ್ಪು ನೀರು ನೋಡಿ ಹೊಟ್ಟಿ ತುಂಬಿತೋ ಇಲ್ಲೋ? ಇಲ್ಲಿ ನಾ ಒಬ್ಬಾಂವ ಒದರಿ ಒದರಿ ಸಾಯಾಕತ್ತೇನಿ..."

"ಕರಬಸಣ್ಣ," ಎಂದ ಅವನು. ದನಿ ಎಷ್ಟು ಸಣ್ಣದಾಗಿತ್ತೆಂದರೆ ನಾನು ಫೋನನ್ನು ಕಿವಿಗೆ ಒತ್ತಿಕೊಳ್ಳಬೇಕಾಯಿತು. "ಮೆಲ್ಲಕ ಮಾತಾಡಪಾ. ಅಕಿ ಮಲಗ್ಯಾಳ."

ನಾನು ಹಮಾಲರ ಕಡೆಗೆ ತಿರುಗಿ, ಚೀಲ ಒಗೆಯಬೇಡಿ ಎಂದು ಕೈ ಮಾಡಿದೆ. ಅವರು ಚೀಲ ಹೊತ್ತುಕೊಂಡೇ ನಿಂತರು. "ಆತಪಾ," ಎಂದೆ ಪಿಸುಮಾತಿನಲ್ಲಿ, "ಮಲಗ್ಲಿ. ಆಮ್ಯಾಲ ಮಾಡ್ತೇನಿ."